ಹದಿನಾಲ್ಕು ಚೌಕ

ಏಳನೆಯ ಇಯತ್ತೆಗೆ ಈಜಿಪ್ತದ ಪಾಠ ಮುಗಿದ ದಿನ
ಕರಿಹಲಗೆಯ ಮೇಲೆ ಒರೆಸದೆ ಉಳಿದಿದ್ದಳು ಒಬ್ಬ ರಾಣಿ.
ಮುಖ ಪಕ್ಕಕ್ಕೆ, ಕಣ್ಣು ಮಾತ್ರ ನಮ್ಮತ್ತ,
ಭುಜ ಎರಡೂ ನಮ್ಮ ಕಡೆ, ಪಾದ ಮತ್ತೆ ಅತ್ತ.
"ಸರ್, ಆಕಿ ಕುತ್ತಿಗಿ ಉಳಕೇತೇನ್ರಿ?"
ಹಿಂದಿನ ಬೆಂಚಿನಿಂದ ದಾವಲ್.
ನಗು. ಗಂಟೆ.

ಸಂಜೆ ಬೆಟಗೇರಿಯ ಓಣಿ ಹಿಡಿದೆ,
ಕಂಕುಳಲ್ಲಿ ಹಾಳೆಯ ಸುರುಳಿ.
ಗೀಟು ಎಳೆದ ಚೌಕಗಳನ್ನು ಕಂಡು ತುಳಜವ್ವ ಅಂದಳು:
"ಇದು ನಮ್ಮ ಸೆರಗಿನ ನಕಾಶಿ ಕಾಗದ ಅಲ್ಲೇನ್ರಿ,
ನಿಮಗ್ಯಾರ ಕೊಟ್ರು?"
ಸಾವಿರಾರು ವರ್ಷದ ಹಿಂದಿನ ಲೆಕ್ಕ ಇದು, ಎಂದೆ.
ಕೂತವರು ಅಂಗಾಲಿನಿಂದ ಕೂದಲಂಚಿನವರೆಗೆ
ಹದಿನಾಲ್ಕು ಚೌಕ. ಅರಸ ಕೂತರೂ ಅಷ್ಟೆ,
ಅವನ ಲೆಕ್ಕ ಬರೆಯುವವ ಕೂತರೂ ಅಷ್ಟೆ.
"ಅಳತಿ ಪಕ್ಕಾ ಇದ್ದ ಮಂದಿ," ಎಂದಳು.
ಲಾಳಿ ಅತ್ತ ಹೋಯಿತು, ಇತ್ತ ಬಂತು.

ಬಣ್ಣ ಕಲಸುವಾಗ ತಕರಾರು ಬಂತು.
ಗಂಡಸಿಗೆ ಕೆಮ್ಮಣ್ಣು, ಹೆಂಗಸಿಗೆ ಹಳದಿ, ಅದು ಅಲ್ಲಿಯ ರೂಢಿ.
"ಹಳದಿ ಬ್ಯಾಡ್ರಿ, ಕಾಮಾಲಿ ಆಗೇತಿ ಅಂದಾರು."
ಕಪ್ಪತಗುಡ್ಡದ ಮಣ್ಣನ್ನೇ ಅರೆದು ಗೋಂದಿನಲ್ಲಿ ಕಲಸಿದೆ,
ಕಣ್ಣಿನ ಗೀಟಿಗೆ ಆಕೆಯದೇ ಚಿಮಣಿಯ ಕಾಡಿಗೆ.
ಮನೆಯ ಹಿರಿಯರನ್ನು ದೊಡ್ಡದಾಗಿ ಬರೆಯುವುದೂ ರೂಢಿಯೇ.
ಕಂಡಿಕೆ ಸುತ್ತುತ್ತ ಕೂತ ಗಂಡ ಪರಸಪ್ಪ
ಆಕೆಯ ಮೊಣಕಾಲಿನಷ್ಟೇ ಬಂದ.
ಬಗ್ಗಿ ನೋಡಿದ, ಕನ್ನಡಕ ತೆಗೆದು ಮತ್ತೆ ನೋಡಿದ.
"ನಾ ಇಷ್ಟ ಸಣ್ಣಾಂವೇನ್ರಿ ಮಾಸ್ತರ?"
"ನೂಲ ಸುತ್ತು ಮೊದಲ," ಅಂದಳು ದೊಡ್ಡಾಕೆ.

ಕುಣಿಮಗ್ಗ ಅದು. ಮೊಣಕಾಲಿನಿಂದ ಕೆಳಗೆ ಆಕೆ ನೆಲದೊಳಗೆ.
ಕಂಡದ್ದನ್ನಲ್ಲ, ಇದ್ದದ್ದನ್ನು ಬರೆಯಬೇಕು
ಎಂಬುದು ಆ ಹೊಳೆದಂಡೆಯವರ ಹಟ.
ಬುಟ್ಟಿಯೊಳಗಿನ ಅಂಜೂರ ಅವರಲ್ಲಿ ಬುಟ್ಟಿಯ ಮೇಲೆ ನಿಲ್ಲುತ್ತದೆ,
ಹೊಂಡದ ಮೀನು ಹೊಂಡಕ್ಕಿಂತ ಮೊದಲು ಕಾಣುತ್ತದೆ.
ನಾನೂ ನೆಲ ಸೀಳಿ ಕುಣಿ ಬರೆದೆ,
ಕುಣಿಯೊಳಗೆ ತುಳಿಮಣೆ, ಅದರ ಮೇಲೆ ಪಾದ,
ಎರಡಕ್ಕೂ ಹೆಬ್ಬೆರಳು ಈ ಕಡೆಗೇ.
ಆಕೆ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದಳು.
"ನಲವತ್ತೆರಡ ವರ್ಷ ಆತು.
ಈ ಕಾಲ ದುಡಿಯೂದನ್ನ ಒಬ್ಬರೂ ನೋಡಿದ್ದಿಲ್ಲ.
ನಾನೂ."

ಮೂರನೆಯ ದಿನ, ಚಹಾದ ಬಸಿ ಇಟ್ಟು ಕೇಳಿದಳು:
"ದಿನಾ ಬಲಕ್ಕ ಕುಂದರತೀರಲ್ಲ, ಯಾಕ?"

ಉತ್ತರ ಗೊತ್ತಿತ್ತು, ಬಾಯಿಗೆ ಬರಲಿಲ್ಲ.
ಎಡಗಣ್ಣಿನಲ್ಲಿ ಹೂ ಬಿದ್ದಿದೆ ಆಕೆಗೆ.
ಪಕ್ಕದ ಮುಖ ಬರೆಯುವ ಕಲೆ
ನನಗೆ ಒಂದು ಸಭ್ಯ ಮರೆಯಾಗಿತ್ತು.
"ಈ ಕಡಿ ಬರ್ರಿ. ಮುಖ ಅರ್ಧ ಬರದ್ರೂ
ಕಣ್ಣ ಪೂರ್ತಿ ಬರೀತಾರಂದ್ರಲ್ಲ ಅವರು,
ಇದನ್ನ ಬರೀರಿ."

ಹೊಸ ಹಾಳೆ. ಹೊಸ ಗೀಟು. ಮತ್ತೆ ಹದಿನಾಲ್ಕು ಎಣಿಸಿ
ಈ ಸಲ ಎಡಕ್ಕೆ ಕೂತೆ, ಕಂಡಿಕೆಯ ಬುಟ್ಟಿ ಸರಿಸಿ.
ಮೂಗು ಬಂತು, ಮೂಗಿನ ನತ್ತು ಬಂತು,
ಮೀನಿನಂಥ ಕಣ್ಣಂಚು ಕಿವಿಯವರೆಗೆ ಹರಿಯಿತು.
ಒಳಗೆ ಖಾಲಿ.
ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಪಾವರಲೂಮು ಒಮ್ಮೆಲೇ ಗಪ್ಪಾದವು,
ಇದೊಂದು ಮಗ್ಗ ನಡೆದೇ ಇತ್ತು.
ಹಾಸಿನಲ್ಲಿ ಎಲ್ಲೋ ಹರಿದ ಎಳೆಯನ್ನು
ಆಕೆಯ ಬೆರಳು ಹುಡುಕಿತು, ಸಿಕ್ಕಿತು, ಗಂಟು ಬಿತ್ತು.

ಕಣ್ಣೊಳಗೆ ಏನು ಹಾಕಲವ್ವ, ಎಂದೆ ಕತ್ತಲಲ್ಲಿ.

"ಇದ್ದದ್ದನ್ನ ಬರೀಬೇಕಂತ ನೀವ ಹೇಳಿದ್ರಿ."

ಪರಸಪ್ಪ ಚಿಮಣಿ ತಂದ.
ಕುಂಚದ ತುದಿಯ ಕಪ್ಪನ್ನು ನೀರಿನಲ್ಲಿ ತೊಳೆದೆ,
ಬಿಳಿಯ ಡಬ್ಬಿಯ ಮುಚ್ಚಳ ತೆಗೆದೆ.